ಮೈಮೇಲೆ ಜಪಾನೀ ಅಕ್ಷರ: ಸೂಜಿ ತಾಗುವ ಮೊದಲು ಯಾರನ್ನು ಏನು ಕೇಳಬೇಕು

2019ರ ಜನವರಿಯಲ್ಲಿ ಅಮೆರಿಕದ ಗಾಯಕಿ ಅರಿಯಾನಾ ಗ್ರಾಂಡೆ ತಮ್ಮ ‘ಸೆವೆನ್ ರಿಂಗ್ಸ್’ ಹಾಡು ಗೆದ್ದ ಖುಷಿಗೆ ಅಂಗೈಯಲ್ಲಿ ಎರಡು ಜಪಾನೀ ಅಕ್ಷರ ಹಚ್ಚೆ ಹಾಕಿಸಿಕೊಂಡರು. ಹೇಳಬೇಕಿದ್ದದ್ದು ಏಳು ಉಂಗುರ. ಜಪಾನೀ ಭಾಷೆಯಲ್ಲಿ ಅದು ‘ನನಾತ್ಸು ನೋ ಯುಬಿವಾ’. ಬರೆಯಲು ಐದು ಅಕ್ಷರ ಬೇಕು. ನೋವು ತಡೆಯಲಾಗದೆ ನಡುವಿನ ಮೂರನ್ನು ಬಿಟ್ಟುಬಿಟ್ಟರು. ಉಳಿದ ಮೊದಲನೆಯದೂ ಕೊನೆಯದೂ ಸೇರಿ ‘ಶಿಚಿರಿನ್’ ಆಯಿತು. ಹಾಗೆಂದರೆ ಮೀನು, ಮಾಂಸ ಸುಡುವ ಪುಟ್ಟ ಇದ್ದಿಲೊಲೆ. ಜಪಾನೀ ಬಲ್ಲ ಅಭಿಮಾನಿಗಳು ತಪ್ಪು ತೋರಿಸಿದರು. ಅಭಿಪ್ರಾಯ ಧಾರಾಳವಾಗಿಯೇ ಬಂತು, ಆದರೆ ಸೂಜಿಯ ಕೆಲಸ ಮುಗಿದ ಮೇಲೆ.

ಅನಿಮೆ ನೋಡಿ ಬೆಳೆದ ನಮ್ಮ ಹುಡುಗ ಹುಡುಗಿಯರಲ್ಲೂ ಜಪಾನೀ ಅಕ್ಷರದ ಹಚ್ಚೆಗೆ ಮನಸೋತವರು ಬಹಳ ಮಂದಿ ಇದ್ದಾರೆ. ಹಾಕಿಸಿಕೊಳ್ಳುವ ಮೊದಲು ವಿನ್ಯಾಸವನ್ನು ನಾಲ್ಕು ಜನಕ್ಕೆ ತೋರಿಸುತ್ತಾರೆ ಕೂಡ. ತೋರಿಸುವ ಕ್ರಮದಲ್ಲೇ ಎಡವಟ್ಟು. ‘ಹೇಗಿದೆ?’ ಎಂದು ಕೇಳುತ್ತಾರೆ, ‘ಸೂಪರ್’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಮೆಚ್ಚುಗೆ ಕೇಳಿದವರಿಗೆ ಮೆಚ್ಚುಗೆಯೇ ಸಿಗುತ್ತದೆ. ಓದಿಸಿ ನೋಡಿದವರಿಗೆ ಮಾತ್ರ ತಪ್ಪು ಸಿಗುತ್ತದೆ. ಕೆಳಗಿನ ಸೂತ್ರಗಳೆಲ್ಲ ಓದಿಸುವುದಕ್ಕೆ ಸಂಬಂಧಿಸಿದವು.

1. ಮೊದಲು ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಬರೆದಿಟ್ಟುಕೊಳ್ಳಿ

‘ಸ್ವಾತಂತ್ರ್ಯ’ ಎಂಬ ಒಂದೇ ಪದ ಸಾಲದು. ‘ಯಾರ ಹಂಗಿಲ್ಲದೆ ಬದುಕುತ್ತೇನೆ’ ಎನ್ನುವಷ್ಟಾದರೂ ಬಿಡಿಸಿ ಬರೆಯಿರಿ. ಇಂಗ್ಲಿಷಿನ ‘ಫ್ರೀ’ ಎಂಬ ಪದವನ್ನು ತರ್ಜುಮೆ ಯಂತ್ರಕ್ಕೆ ಕೊಟ್ಟರೆ ‘ಮುರ್ಯೋ’ ಬಂದರೂ ಬಂತು. ಅದು ‘ದುಡ್ಡು ಕೊಡಬೇಕಿಲ್ಲ’ ಎಂದು ವಾಹನ ನಿಲ್ದಾಣದ ಫಲಕದಲ್ಲಿ ಬರೆಯುವ ಪದ. ನಿಮಗೆ ಬೇಕಾದದ್ದು ‘ಜಿಯೂ’. ಪ್ರೀತಿಯ ಕತೆಯೂ ಇದೇ: ‘ಕೊಯಿ’ ಎಂದರೆ ಪ್ರಣಯದ ಹಂಬಲ, ‘ಐ’ ಅದಕ್ಕಿಂತ ವಿಶಾಲ. ತಾಯಿಯ ನೆನಪಿಗೆ ‘ಕೊಯಿ’ ಹಾಕಿಸಿಕೊಂಡವರನ್ನು ಕಂಡರೆ ಜಪಾನಿನವರು ಕಕ್ಕಾಬಿಕ್ಕಿಯಾಗುತ್ತಾರೆ.

ಬರೆದಿಟ್ಟ ವಾಕ್ಯವನ್ನು ಈಗಲೇ ಯಾರಿಗೂ ತೋರಿಸಬೇಡಿ. ಕಾರಣ ಏಳನೆಯ ಸೂತ್ರದಲ್ಲಿದೆ.

2. ಯಾವ ಲಿಪಿ ಎಂಬುದನ್ನು ನೀವೇ ತೀರ್ಮಾನಿಸಿ, ಅಂಗಡಿಯವರಿಗೆ ಬಿಡಬೇಡಿ

ಜಪಾನಿನವರು ಏಕಕಾಲಕ್ಕೆ ಮೂರು ಲಿಪಿ ಬಳಸುತ್ತಾರೆ. ಚೀನಾದಿಂದ ಬಂದ ಕಾಂಜಿ ಅರ್ಥವನ್ನೂ ಹೊತ್ತಿರುತ್ತದೆ. ಹಿರಗಾನಾ, ಕಟಕಾನಾ ಎರಡೂ ಉಚ್ಚಾರದ ಲಿಪಿಗಳು. ಒಂದೊಂದರಲ್ಲೂ 46 ಮೂಲಾಕ್ಷರ. ಕನ್ನಡಿಗರಿಗೆ ಇವು ಅಷ್ಟೇನೂ ಪರಕೀಯವಲ್ಲ. ಅ ಇ ಉ ಎ ಒ ಎಂಬ ಸ್ವರಗಳು, ಬಳಿಕ ಅ ಕ ಸ ತ ನ ಹ ಮ ಯ ರ ವ ಎಂಬ ಸಾಲುಗಳು. ನಮ್ಮ ವರ್ಣಮಾಲೆಯ ನೆರಳು ಕಾಣುತ್ತದಲ್ಲವೇ? ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿತದ್ದರ ಫಲ ಇದು. 806ರಲ್ಲಿ ಚೀನಾದಿಂದ ಮರಳಿದ ಕೂಕಾಯ್ ಎಂಬ ಭಿಕ್ಷು ತಂದ ಮಂತ್ರಮಾರ್ಗದೊಂದಿಗೆ ಆ ಲಿಪಿಯೂ ಅಲ್ಲಿ ಬೇರೂರಿತು. ‘ಹ’ ಸಾಲು ಮೊದಲು ‘ಪ’ ಸಾಲಾಗಿತ್ತು. ಅದಕ್ಕೇ ‘ನ’ ಮತ್ತು ‘ಮ’ಗಳ ನಡುವೆ ಕೂತಿದೆ. ಸಿದ್ಧಂ ಬೀಜಾಕ್ಷರಗಳು ಜಪಾನಿನ ಸಮಾಧಿ ಕಲ್ಲುಗಳ ಮೇಲೆ ಈಗಲೂ ಕಾಣಸಿಗುತ್ತವೆ.

ವಿದೇಶಿ ಹೆಸರನ್ನು ಬರೆಯುವುದು ಕಟಕಾನಾದಲ್ಲಿ. ‘ನನ್ನ ಹೆಸರಿಗೆ ಕಾಂಜಿ ಬೇಕು’ ಎನ್ನುವವರಿಗೆ ಉಚ್ಚಾರ ಹೊಂದುವ ಚಿತ್ರಾಕ್ಷರಗಳನ್ನು ಪೋಣಿಸಿ ಕೊಡುವವರಿದ್ದಾರೆ. ಆ ರೂಢಿಗೆ ‘ಅತೆಜಿ’ ಎನ್ನುತ್ತಾರೆ. ಮೋಟಾರ್ ಬೈಕ್ ಪುಂಡರ ಗುಂಪುಗಳು ಜಾಕೆಟ್ಟಿನ ಬೆನ್ನಿಗೆ ‘ಯೊರೊಶಿಕು’ ಎಂಬ ಸಾದಾ ಉಪಚಾರದ ಮಾತನ್ನು ರಾತ್ರಿ, ಇಬ್ಬನಿ, ಸಾವು, ಸಂಕಟ ಎಂಬ ನಾಲ್ಕು ಅಕ್ಷರಗಳಲ್ಲಿ ಬರೆಯುತ್ತಿದ್ದದ್ದು ಇದೇ ತಂತ್ರದಿಂದ. ನಿಮ್ಮ ಹೆಸರಿಗೂ ಅದೇ ವಾಸನೆ ಅಂಟಿಕೊಂಡರೆ ಆಶ್ಚರ್ಯವಿಲ್ಲ. ನನ್ನ ಮಟ್ಟಿಗೆ ಹೆಸರೆಂದರೆ ಕಟಕಾನಾ, ಅಷ್ಟೇ.

3. ಹೆಸರನ್ನು ಬಾಯಿಬಿಟ್ಟು ಓದಿಸಿ

ಜಪಾನೀ ಭಾಷೆಯಲ್ಲಿ ಲ, ಳ, ರ ಎಂಬ ಭೇದ ಇಲ್ಲ. ಲತಾ ಅಲ್ಲಿಗೆ ಹೋದರೆ ರತಾ. ತ, ಥ, ಟ, ಠ ಎಲ್ಲ ಒಂದೇ ಮನೆಯಲ್ಲಿ ವಾಸ. ವ್ಯಂಜನದಲ್ಲಿ ನಿಲ್ಲುವ ಹೆಸರಿಗೆ ಬಾಲ ಬೆಳೆಯುತ್ತದೆ. ಪ್ರಕಾಶ್ ಹೋಗಿ ಪುರಕಾಶು. ಗಾಂಧೀಜಿಯವರ ಹೆಸರು ಜಪಾನಿನಲ್ಲಿ ಬಹುಕಾಲ ‘ಗಂಜೀ’ ಎಂದೇ ಪ್ರಸಿದ್ಧ. ನಮ್ಮ ಕಿವಿಗೆ ಬೆಳಗಿನ ಗಂಜಿ ನೆನಪಾದರೆ ಅದು ಅವರ ತಪ್ಪಲ್ಲ.

ದೀರ್ಘ ಸ್ವರದ ಬಗ್ಗೆ ಎಚ್ಚರ ಬಹಳ ಬೇಕು. ಮಾಲಾ ಎಂಬ ಹೆಸರನ್ನು ದೀರ್ಘದ ಗೆರೆ ಇಲ್ಲದೆ ಎರಡೇ ಅಕ್ಷರದಲ್ಲಿ ಬರೆದರೆ ‘ಮರ’ ಎಂದಾಗುತ್ತದೆ. ಬುದ್ಧನನ್ನು ಕಾಡಿದ ಮಾರನಿಂದ ಹುಟ್ಟಿದ ಆ ಪದ ಜಪಾನೀ ಆಡುಮಾತಿನಲ್ಲಿ ಗಂಡಸಿನ ಗುಪ್ತಾಂಗಕ್ಕೆ ಹೇಳುವ ಒರಟು ಹೆಸರು. ಹೆಂಡತಿಯ ಹೆಸರನ್ನು ಎದೆಯ ಮೇಲೆ ಬರೆಸಿಕೊಳ್ಳುವವರು ಈ ಒಂದು ಗೆರೆಗೆ ಜಿಪುಣತನ ತೋರಬಾರದು.

4. ಎ ಇಂದ ಝಡ್‌ವರೆಗಿನ ಪಟ್ಟಿ ಕಂಡರೆ ಎದ್ದು ಬನ್ನಿ

ಇಂಗ್ಲಿಷಿನ 26 ಅಕ್ಷರಗಳಿಗೆ ಒಂದೊಂದು ಚೀನೀ ಮಾದರಿಯ ಅಕ್ಷರ ಹೊಂದಿಸಿದ ಪಟ್ಟಿಗಳು ಹಚ್ಚೆ ಅಂಗಡಿಗಳ ಗೋಡೆಯ ಮೇಲೆ ಹಳೆಯ ಕಾಲದಿಂದ ಓಡಾಡುತ್ತಿವೆ. ಅಂಥ ವರ್ಣಮಾಲೆ ಚೀನಾದಲ್ಲೂ ಇಲ್ಲ, ಜಪಾನಿನಲ್ಲೂ ಇಲ್ಲ. ಇದಕ್ಕೆ ಯಾರ ಅಭಿಪ್ರಾಯವೂ ಬೇಕಾಗಿಲ್ಲ.

5. ಒಂಟಿ ಅಕ್ಷರವನ್ನು ಅದು ನಿತ್ಯ ವಾಸಿಸುವ ಜಾಗದಲ್ಲಿ ಹುಡುಕಿ

ಒಂದೇ ಕಾಂಜಿಯ ಹಚ್ಚೆ ನೋಡಲು ಚೆಂದ. ಆದರೆ ಜಪಾನಿನವರು ಒಂಟಿ ಅಕ್ಷರವನ್ನು ದಿನವೂ ಎಲ್ಲಿ ನೋಡುತ್ತಾರೆ? ಬೆಂಕಿ ಎಂದು ನೀವು ಬರೆಸಿಕೊಂಡ ಅಕ್ಷರ ಕ್ಯಾಲೆಂಡರಿನಲ್ಲಿ ಮಂಗಳವಾರದ ಗುರುತು. ನೀರು ಬುಧವಾರ, ಮರ ಗುರುವಾರ, ಚಿನ್ನ ಶುಕ್ರವಾರ, ಮಣ್ಣು ಶನಿವಾರ. ಪಂಚಭೂತದ ಗಾಂಭೀರ್ಯ ಬಯಸಿ ಬುಧವಾರ ಹೊತ್ತು ತಿರುಗಿದ ಹಾಗಾಗುತ್ತದೆ.

ಇನ್ನೂ ತಮಾಷೆಯದು ‘ಶಕ್ತಿ’. ಬಲಿಷ್ಠ ಎಂಬ ಅರ್ಥದ ಒಂಟಿ ಅಕ್ಷರ ಅಲ್ಲಿಯ ಫ್ಯಾನುಗಳ ಗುಂಡಿಯ ಮೇಲೆ ಇರುತ್ತದೆ: ಜೋರು, ಮಧ್ಯಮ, ನಿಧಾನ. ತೋಳಿನ ಸ್ನಾಯುವಿನ ಮೇಲೆ ಅದೊಂದೇ ಅಕ್ಷರ ಕಂಡರೆ ಫ್ಯಾನು ಜೋರಾಗಿ ತಿರುಗುತ್ತಿದೆ ಅನ್ನಿಸಿದರೂ ಅನ್ನಿಸೀತು. ಅದರ ಬದಲು ‘ಚಿಕರಾ’ ಎಂಬ ಎರಡು ಗೆರೆಯ ಅಕ್ಷರ ಇದೆ. ಬಲ ಎಂಬ ಅರ್ಥಕ್ಕೆ ಅದು ನೇರವಾಗಿ ಒದಗುತ್ತದೆ. ಆದರೆ ಅಲ್ಲೂ ಒಂದು ತೊಡಕು: ಕಟಕಾನಾದ ‘ಕ’ ನೋಡಲು ಬಹುತೇಕ ಹಾಗೆಯೇ ಇರುತ್ತದೆ. ಎರಡು ಅಕ್ಷರದ ಪದಗಳಿಗೆ ಇಂಥ ಗೊಂದಲ ಕಡಿಮೆ. ‘ಯೂಕಿ’ ಎಂದರೆ ಧೈರ್ಯ, ‘ಜಿಯೂ’ ಎಂದರೆ ಸ್ವಾತಂತ್ರ್ಯ. ಬೇರೆ ಏನೆಂದೂ ಓದಲು ಬರುವುದಿಲ್ಲ.

6. ಗಾದೆಯನ್ನು ಅನುವಾದಿಸಬೇಡಿ, ಅಲ್ಲಿಯದನ್ನೇ ಎತ್ತಿಕೊಳ್ಳಿ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದನ್ನು ಜಪಾನೀ ಭಾಷೆಗೆ ಪದಕ್ಕೆ ಪದ ಇಳಿಸಿದರೆ ಅಲ್ಲಿಯವರಿಗೆ ಕೈ ತೊಳೆಯದೆ ಊಟಕ್ಕೆ ಕೂತವನ ಚಿತ್ರ ಸಿಗುತ್ತದೆ. ದುಡಿಮೆ, ತಾಳ್ಮೆಗೆ ಅವರದೇ ಮಾತಿದೆ: ಕಲ್ಲಿನ ಮೇಲಾದರೂ ಮೂರು ವರ್ಷ ಕೂತರೆ ಕಲ್ಲೂ ಬೆಚ್ಚಗಾಗುತ್ತದೆ ಎನ್ನುವ ಅರ್ಥದ್ದು. ಹಚ್ಚೆಗೆ ಹೇಳಿ ಮಾಡಿಸಿದ್ದೆಂದರೆ ನಾಲ್ಕಕ್ಷರದ ನುಡಿಗಟ್ಟುಗಳು, ‘ಯೋಜಿ ಜುಕುಗೊ’. ‘ಇಚಿಗೊ ಇಚಿಯೆ’, ಅಂದರೆ ಈ ಭೇಟಿ ಬಾಳಿನಲ್ಲಿ ಒಮ್ಮೆ ಮಾತ್ರ ಎಂಬುದು ಚಹಾ ವಿಧಿಯ ಪರಂಪರೆಯಿಂದ ಬಂತು. ಏಳು ಸಲ ಬಿದ್ದು ಎಂಟನೆಯ ಸಲ ಏಳುವುದನ್ನು ಹೇಳುವ ನುಡಿಗಟ್ಟು ದರುಮಾ ಗೊಂಬೆಯೊಂದಿಗೆ ಕೂಡಿಕೊಂಡಿದೆ. ದರುಮಾ ಎಂದರೆ ಬೋಧಿಧರ್ಮ. ದಕ್ಷಿಣ ಭಾರತದಿಂದ ಹೋದವನು ಎಂದು ಪರಂಪರೆ ಹೇಳುವ ಭಿಕ್ಷು. ನಮ್ಮ ಕಡೆಯವರ ತೋಳಿಗೆ ಅದು ಒಪ್ಪುತ್ತದೆ ಎಂದು ನನಗನ್ನಿಸುತ್ತದೆ.

ಸಿದ್ಧ ನುಡಿಗಟ್ಟಿನ ದೊಡ್ಡ ಲಾಭವೆಂದರೆ ನಾಲ್ಕರಲ್ಲಿ ಒಂದು ತಪ್ಪಿದರೂ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಬಲವಾದದ್ದು ಬಡವಾದದ್ದನ್ನು ತಿನ್ನುತ್ತದೆ ಎಂಬ ನುಡಿಗಟ್ಟಿನ ಖಾಲಿ ಜಾಗ ತುಂಬಲು ಹೇಳಿದರೆ ಹುಡುಗ ‘ಸುಟ್ಟ ಮಾಂಸದ ಊಟ’ ಎಂದು ತುಂಬಿದನಂತೆ, ಇದು ಜಪಾನೀ ಶಾಲೆಗಳ ಹಳೆಯ ನಗೆಹನಿ.

7. ಅರ್ಥ ಹೇಳದೆ ಓದಿಸಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ‘ಇದರ ಅರ್ಥ ಧೈರ್ಯ ತಾನೇ?’ ಎಂದು ಕೇಳಿದಿರೋ, ಎದುರಿಗಿರುವವರು ಧೈರ್ಯವನ್ನೇ ಹುಡುಕುತ್ತಾರೆ, ಅರೆಬರೆ ಕಂಡರೂ ಹೌದು ಎನ್ನುತ್ತಾರೆ. ಉತ್ತರವನ್ನು ನೀವೇ ಕೊಟ್ಟ ಮೇಲೆ ಅದು ಪರೀಕ್ಷೆಯಾಗುವುದಿಲ್ಲ. ಬಿಳಿ ಹಾಳೆಯ ಮೇಲೆ ಹಚ್ಚೆಯ ನಿಜ ಅಳತೆಯಲ್ಲೇ ಕಪ್ಪು ಅಕ್ಷರ ಮುದ್ರಿಸಿ, ಸುತ್ತ ಹೂವು, ಡ್ರ್ಯಾಗನ್ ಏನೂ ಇಲ್ಲದೆ ಕೊಡಿ. ಆಮೇಲೆ ನಾಲ್ಕು ಪ್ರಶ್ನೆ ಕೇಳಿ.

ಇದನ್ನು ಜೋರಾಗಿ ಓದುತ್ತೀರಾ? ಓದುವಾಗ ತಡವರಿಸಿದರೆ ಅದೇ ಒಂದು ಉತ್ತರ. ಒಂದೇ ಕಾಂಜಿಗೆ ಚೀನೀ ಮೂಲದ ಉಚ್ಚಾರವೂ ಜಪಾನೀ ಉಚ್ಚಾರವೂ ಇರುವುದರಿಂದ ಇಬ್ಬರು ಎರಡು ರೀತಿ ಓದಬಹುದು, ಅದನ್ನೂ ಬರೆದುಕೊಳ್ಳಿ.

ಇದು ಏನು ಹೇಳುತ್ತಿದೆ? ಅವರ ಮಾತಿನಲ್ಲೇ ಹೇಳಲಿ, ನಡುವೆ ಬಾಯಿ ಹಾಕಬೇಡಿ.

ಇದನ್ನು ಎಲ್ಲಿ ಕಂಡರೆ ನಿಮಗೆ ಸಹಜ ಅನ್ನಿಸುತ್ತದೆ? ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ, ಆದರೆ ಹೆಚ್ಚು ಕೆಲಸ ಮಾಡುವುದು ಇದೇ. ಹೋಟೆಲಿನ ಬೋರ್ಡಿನ ಮೇಲೆ, ಸಮಾಧಿಯ ಮೇಲೆ, ಶಾಲೆಯ ಗೋಡೆಯ ಮೇಲೆ, ಔಷಧಿ ಡಬ್ಬಿಯ ಮೇಲೆ, ಹೀಗೆ ಏನಾದರೂ ಹೇಳುತ್ತಾರೆ. ಅರ್ಥ ಸರಿಯಿದ್ದೂ ಜಾಗ ತಪ್ಪುವ ಪದಗಳು ಸಿಕ್ಕಿಬೀಳುವುದು ಇಲ್ಲಿಯೇ. ಇದ್ದಿಲೊಲೆಯೂ ಇಲ್ಲೇ ಸಿಕ್ಕಿಬೀಳುತ್ತಿತ್ತು.

ಕೊನೆಗೆ, ಯಾವ ಗೆರೆ ತಿದ್ದುತ್ತೀರಿ? ‘ತಪ್ಪಿದೆಯೇ’ ಎಂದು ಕೇಳಿದರೆ ಇಲ್ಲ ಎನ್ನುವುದು ಸುಲಭ. ಯಾವುದನ್ನು ತಿದ್ದುತ್ತೀರಿ ಎಂದು ಕೆಂಪು ಪೆನ್ನು ಕೈಗಿತ್ತರೆ ಕೈ ತಾನಾಗಿ ಓಡುತ್ತದೆ. ಜಪಾನಿನ ಬರಹ ತರಗತಿಗಳಲ್ಲಿ ಗುರುಗಳು ಕೆಂಪು ಮಸಿಯ ಕುಂಚದಿಂದ ಮಕ್ಕಳ ಅಕ್ಷರದ ಮೇಲೆಯೇ ತಿದ್ದುವ ರೂಢಿ ಇರುವುದರಿಂದ ಇದು ಅವರಿಗೆ ಅವಮಾನದ ಕೆಲಸ ಅನ್ನಿಸುವುದಿಲ್ಲ.

ಇಷ್ಟಾದ ಮೇಲೆ ನಿಮ್ಮ ಕನ್ನಡ ವಾಕ್ಯ ಹೊರತೆಗೆದು, ಅವರು ಹೇಳಿದ್ದರ ಪಕ್ಕ ಇಟ್ಟು ನೋಡಿ.

8. ಮೂರು ಬಗೆಯ ಕಣ್ಣು ಬೇಕು

ಒಬ್ಬರು ಜಪಾನೀ ಮನೆಮಾತಿನವರು. ಇನ್ನೊಬ್ಬರು ಕುಂಚದ ಬರಹ, ಅಂದರೆ ‘ಶೋದೋ’ ಕಲಿತವರು. ಮೂರನೆಯವರು ಚೀನೀ ಓದುವವರು. ಜಪಾನೀ ಹಚ್ಚೆಗೆ ಚೀನೀಯರ ಅಭಿಪ್ರಾಯ ಯಾಕೆ ಎನ್ನಬೇಡಿ. ಕಾಂಜಿಯನ್ನು ಅವರೂ ಓದುತ್ತಾರೆ, ಬೇರೆ ಅರ್ಥದಲ್ಲಿ ಓದುತ್ತಾರೆ. ಜಪಾನೀಯರಿಗೆ ‘ಪತ್ರ’ ಎಂಬ ಅರ್ಥ ಕೊಡುವ ಎರಡಕ್ಷರ ಚೀನೀಯರಿಗೆ ಶೌಚದ ಕಾಗದ. ಜಪಾನಿನಲ್ಲಿ ‘ಮಗಳು’ ಆದದ್ದು ಚೀನಾದಲ್ಲಿ ‘ತಾಯಿ’. ಜಪಾನಿನ ‘ಅಧ್ಯಯನ’ ಚೀನೀ ಭಾಷೆಯಲ್ಲಿ ‘ಒಲ್ಲದ ಮನಸ್ಸಿನಿಂದ’ ಎಂದಾಗುತ್ತದೆ. ವಿದ್ಯಾರ್ಥಿಗಳ ಪಾಲಿಗೆ ಎರಡೂ ನಿಜ ಅನ್ನಿ.

ಬೆಂಗಳೂರಿನಲ್ಲಿ ಇಂಥವರನ್ನು ಹುಡುಕುವುದು ಕಷ್ಟವಲ್ಲ. ಜಪಾನೀ ಕಲಿಸುವ ತರಗತಿಗಳಿವೆ, ಜೆಎಲ್‌ಪಿಟಿ ಎಂಬ ಜಪಾನೀ ಭಾಷಾ ಪರೀಕ್ಷೆ ನಡೆಯುತ್ತದೆ, ಬಿಡದಿಯ ಟೊಯೋಟಾ ಕಾರ್ಖಾನೆಯಂಥ ಉದ್ಯಮಗಳಿಂದಾಗಿ ಜಪಾನೀ ಕುಟುಂಬಗಳೂ ನೆಲೆಸಿವೆ, ‘ಜಪಾನ್ ಹಬ್ಬ’ದಲ್ಲಿ ಎರಡೂ ಕಡೆಯವರು ಸೇರುತ್ತಾರೆ. ಆದರೆ ಭಾಷೆ ಕಲಿಯುತ್ತಿರುವ ಗೆಳೆಯರ ಮಟ್ಟ ಕೇಳಿಕೊಳ್ಳಿ. ಆ ಪರೀಕ್ಷೆಗೆ ಐದು ಹಂತ. ಎನ್5 ಆರಂಭ, ಎನ್1 ತುದಿ. ಎನ್5 ಮುಗಿಸಿದವರು ಅಕ್ಷರ ಗುರುತಿಸಬಲ್ಲರು, ಪದಕ್ಕೆ ಅಂಟಿದ ವಾಸನೆ ಗುರುತಿಸಲಾರರು.

ಬರಹಗಾರರ ಹತ್ತಿರ ಹೊಸದಾಗಿ ಬರೆಸಿಕೊಳ್ಳುವಿರಾದರೆ ದುಡ್ಡು ಕೊಡಿ. ಜೀವಮಾನ ಮೈಮೇಲಿರುವ ಅಕ್ಷರಕ್ಕೆ ಪುಕ್ಕಟೆ ಸೇವೆ ಕೇಳುವುದು ಚೆನ್ನಾಗಿ ಕಾಣುವುದಿಲ್ಲ.

9. ‘ಚೊತ್ತೊ’ ಎಂದರೆ ಬೇಡ ಎಂದರ್ಥ

ಜಪಾನಿನವರು ಮುಖಕ್ಕೆ ಹೊಡೆದ ಹಾಗೆ ‘ಚೆನ್ನಾಗಿಲ್ಲ’ ಎನ್ನುವುದು ಅಪರೂಪ. ಎದುರಿನವರ ಮನಸ್ಸು ನೋಯದಂತೆ ಆಡುವ ಹೊರಮಾತಿಗೆ ‘ತತೆಮಾಯೆ’, ಒಳಗಿನ ನಿಜಕ್ಕೆ ‘ಹೊನ್ನೆ’ ಎಂದು ಅವರಲ್ಲೇ ಹೆಸರಿದೆ. ಚಿತ್ರ ನೋಡಿದವರು ಉಸಿರೆಳೆದುಕೊಂಡು ‘ಚೊತ್ತೊ…’ ಎಂದು ನಿಲ್ಲಿಸಿದರೆ, ಆ ಪದಕ್ಕೆ ‘ಸ್ವಲ್ಪ’ ಎಂಬುದು ನಿಘಂಟಿನ ಅರ್ಥ, ‘ದಯವಿಟ್ಟು ಇದನ್ನು ಹಾಕಿಸಿಕೊಳ್ಳಬೇಡಿ’ ಎಂಬುದು ನಿಜಾರ್ಥ. ‘ವಿಶೇಷವಾಗಿದೆ’ ಎಂದರೂ ಸಂಶಯಪಡಿ. ನಮ್ಮಲ್ಲೂ ‘ನೋಡೋಣ ಬಿಡಿ’ ಎಂದರೆ ಯಾರೂ ನೋಡುವುದಿಲ್ಲ ತಾನೇ?

ಇದನ್ನು ದಾಟಲು ಸುಲಭದ ದಾರಿ, ಎರಡು ಮೂರು ವಿನ್ಯಾಸ ಒಟ್ಟಿಗೆ ಇಟ್ಟು ‘ಇವುಗಳಲ್ಲಿ ಯಾವುದನ್ನು ಮೊದಲು ತೆಗೆದುಹಾಕುತ್ತೀರಿ?’ ಎಂದು ಕೇಳುವುದು. ಒಂದನ್ನು ತಿರಸ್ಕರಿಸಲು ಹಿಂಜರಿಯುವವರು ಮೂರರಲ್ಲಿ ಆಯ್ದು ತೆಗೆಯಲು ಹಿಂಜರಿಯುವುದಿಲ್ಲ. ಹಚ್ಚೆ ನಿಮ್ಮದೇ ಎಂದು ಹೇಳದಿದ್ದರೆ ಇನ್ನೂ ಒಳ್ಳೆಯದು.

10. ಚಿತ್ರ ಹುಡುಕಾಟಕ್ಕೆ ಹಾಕಿ ನೋಡಿ

ನಿಮ್ಮ ಅಕ್ಷರಗಳನ್ನು ಹಾಗೆಯೇ ನಕಲಿಸಿ ಗೂಗಲ್‌ನ ಚಿತ್ರ ವಿಭಾಗದಲ್ಲಿ ಹಾಕಿ. ನಿಮಿಷದ ಕೆಲಸ, ಬಿಡಿಗಾಸು ಖರ್ಚಿಲ್ಲ. ಏಳು ಉಂಗುರ ಬಯಸಿದವರಿಗೆ ಸಾಲುಸಾಲು ಒಲೆ ಕಾಣುತ್ತಿದ್ದವು.

11. ಅಕ್ಷರವನ್ನು ಸಂದೇಶವಾಗಿ ಕಳಿಸಬೇಡಿ, ಚಿತ್ರವಾಗಿ ಕಳಿಸಿ

ಇದು ಸ್ವಲ್ಪ ತಾಂತ್ರಿಕ, ಆದರೆ ಎಡವುವವರು ಹೆಚ್ಚು. ಯೂನಿಕೋಡ್ ವ್ಯವಸ್ಥೆಯಲ್ಲಿ ಚೀನಾ, ಜಪಾನ್, ಕೊರಿಯಾಗಳ ಸಮಾನ ಮೂಲದ ಚಿತ್ರಾಕ್ಷರಗಳಿಗೆ ಬಹುಪಾಲು ಒಂದೇ ಸಂಕೇತಸಂಖ್ಯೆ. ಪರದೆಯ ಮೇಲೆ ಯಾವ ರೂಪ ಮೂಡಬೇಕು ಎಂಬುದನ್ನು ಫಾಂಟ್ ತೀರ್ಮಾನಿಸುತ್ತದೆ. ಜಪಾನೀ ಭಾಷೆ ಸೇರಿಸದ ಫೋನು ಎಷ್ಟೋ ಸಲ ಚೀನೀ ಫಾಂಟನ್ನೇ ಎತ್ತಿಕೊಳ್ಳುತ್ತದೆ. ‘ನೇರ, ಪ್ರಾಮಾಣಿಕ’ ಎಂಬ ಅರ್ಥದ ಅಕ್ಷರಕ್ಕೆ ಜಪಾನಿನಲ್ಲಿ ಎಡಗಡೆ ಇಳಿದು ಕೆಳಗೆ ತಿರುಗುವ ಗೆರೆ ಇರುತ್ತದೆ, ಚೀನೀ ಫಾಂಟಿನಲ್ಲಿ ಅದು ಇಲ್ಲ. ‘ಮೂಳೆ’ಯ ಅಕ್ಷರದ ತಲೆಯೊಳಗಿನ ಪುಟ್ಟ ಮೂಲೆ ಒಂದರಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ನಿಮ್ಮ ಫೋನಿನಿಂದ ಕಳಿಸಿದ್ದನ್ನು ಟೋಕಿಯೋದ ಗೆಳತಿ ತನ್ನ ಫೋನಿನಲ್ಲಿ ಸರಿಯಾಗಿಯೇ ನೋಡಿ ‘ಸರಿಯಿದೆ’ ಎನ್ನುತ್ತಾಳೆ. ಹಚ್ಚೆಯವರು ನಕಲು ಮಾಡುವುದು ಮಾತ್ರ ನಿಮ್ಮ ಪರದೆಯ ಮೇಲಿನ ತಪ್ಪು ರೂಪವನ್ನು.

ಸರಳೀಕರಣದ ಸಮಸ್ಯೆ ಬೇರೆ. ಜಪಾನ್ 1946ರಲ್ಲಿ ನಿತ್ಯಬಳಕೆಯ ಕಾಂಜಿಗಳ ಪಟ್ಟಿ ಮಾಡಿ, ಮುಂದಿನ ವರ್ಷಗಳಲ್ಲಿ ಹಲವನ್ನು ಸರಳಗೊಳಿಸಿತು. 2010ರಿಂದ ಆ ಪಟ್ಟಿಯಲ್ಲಿ 2136 ಅಕ್ಷರ. ಚೀನಾ 1950ರ ದಶಕದಿಂದ ತನ್ನದೇ ದಾರಿ ಹಿಡಿದು ಇನ್ನೂ ಹೆಚ್ಚು ಕತ್ತರಿಸಿತು. ‘ಪ್ರೀತಿ’ಯ ಅಕ್ಷರದ ನಡುವೆ ಜಪಾನಿನಲ್ಲಿ ‘ಹೃದಯ’ ಇನ್ನೂ ಇದೆ, ಚೀನಾದ ಸರಳ ರೂಪದಲ್ಲಿ ಇಲ್ಲ. ಹೃದಯವಿಲ್ಲದ ಪ್ರೀತಿ ಹಾಕಿಸಿಕೊಂಡು ಜಪಾನೀ ಎಂದು ಹೇಳಿಕೊಂಡರೆ ನಡೆಯುವುದಿಲ್ಲ.

12. ವಿನ್ಯಾಸ ಕೇಳುವಾಗ ಗೆರೆಯ ತುದಿ ತೋರಿಸಿ

ಅಂದ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ, ಗೆರೆ ಹೇಗೆ ಮುಗಿಯುತ್ತದೆ ಎಂಬುದರ ಮಾತು. ಕುಂಚ ತಟಕ್ಕನೆ ನಿಂತರೆ ‘ತೊಮೆ’, ತುದಿಯಲ್ಲಿ ಕೊಕ್ಕೆಯಂತೆ ಚಿಮ್ಮಿದರೆ ‘ಹನೆ’, ತೆಳುವಾಗುತ್ತ ಸರಿದುಹೋದರೆ ‘ಹರಾಯಿ’. ಜಪಾನಿನ ಮಕ್ಕಳು ಒಂದನೇ ತರಗತಿಯಿಂದ ಇದನ್ನು ತಿದ್ದುತ್ತಾರೆ. ಹಚ್ಚೆಯವರಿಗೆ ತಿಳಿಯದೆ ಎಲ್ಲ ತುದಿಗಳನ್ನೂ ಗುಂಡಗೆ ಮಾಡಿದರೆ ಅಕ್ಷರ ಓದಬಹುದು, ಆದರೆ ಬರೆಯಲು ಬಾರದವರು ನೋಡಿ ಬಿಡಿಸಿದ ಚಿತ್ರ ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಕೆಲವು ಕಡೆ ತುದಿ, ಉದ್ದ, ಚುಕ್ಕೆಗಳೇ ಅರ್ಥ ಬದಲಿಸುತ್ತವೆ. ‘ದೊಡ್ಡ’ ಎಂಬ ಅಕ್ಷರದ ಬಲ ಭುಜದ ಮೇಲೊಂದು ಚುಕ್ಕೆ ಬಿದ್ದರೆ ‘ನಾಯಿ’, ಕಾಲ ಬುಡದಲ್ಲಿ ಬಿದ್ದರೆ ‘ದಪ್ಪ’. ಎರಡು ಅಡ್ಡಗೆರೆಗಳಲ್ಲಿ ಮೇಲಿನದು ಉದ್ದವಾದರೆ ವೀರ, ಕೆಳಗಿನದು ಉದ್ದವಾದರೆ ಮಣ್ಣು. ಕಟಕಾನಾದ ‘ಶಿ’ ಮತ್ತು ‘ತ್ಸು’ ಅವಳಿಗಳು: ‘ಶಿ’ಯಲ್ಲಿ ಎರಡು ಪುಟ್ಟ ಗೆರೆ ಎಡಬದಿಗೆ ಒಂದರ ಕೆಳಗೊಂದು, ಉದ್ದ ಗೆರೆ ಕೆಳಗಿನಿಂದ ಮೇಲಕ್ಕೆ, ‘ತ್ಸು’ವಿನಲ್ಲಿ ಪುಟ್ಟ ಗೆರೆಗಳು ಮೇಲ್ಬದಿಗೆ ಅಕ್ಕಪಕ್ಕ, ಉದ್ದ ಗೆರೆ ಮೇಲಿನಿಂದ ಕೆಳಕ್ಕೆ. ಓರೆ ತಪ್ಪಿದರೆ ಶಿವ ‘ತ್ಸುವ’ ಆಗುತ್ತಾನೆ.

ಶೈಲಿ ಆರಿಸುವಾಗಲೂ ಇದೇ ಎಚ್ಚರ. ‘ಕೈಶೋ’ ಬಿಡಿಬಿಡಿ, ಸ್ಪಷ್ಟ. ‘ಗ್ಯೋಶೋ’ ಸ್ವಲ್ಪ ಓಟದ್ದು. ‘ಸೋಶೋ’ ಪೂರ್ತಿ ಹರಿಯುವ ಕೈಬರಹ, ಬಹುಪಾಲು ಜಪಾನೀಯರೇ ಅದನ್ನು ಓದಲಾರರು. ಸೋಶೋ ಬೇಕೇ ಬೇಕು ಎನ್ನುವವರು ಸಾಮಾನ್ಯ ಗೆಳೆಯರ ಅಭಿಪ್ರಾಯ ಬಿಟ್ಟು ಕುಂಚ ಬಲ್ಲವರನ್ನೇ ಹಿಡಿಯಬೇಕು. ನನ್ನ ಒಲವು ಗ್ಯೋಶೋ ಕಡೆಗೆ. ಕ್ಯೋಟೋದ ಕಿಯೊಮಿಜು ದೇವಾಲಯದಲ್ಲಿ ಪ್ರತಿ ಡಿಸೆಂಬರ್ ‘ವರ್ಷದ ಕಾಂಜಿ’ಯನ್ನು ಪ್ರಧಾನ ಅರ್ಚಕರು ದೊಡ್ಡ ಹಾಳೆಯ ಮೇಲೆ ಬರೆಯುವ ದೃಶ್ಯ ನೋಡಿ. ಭೂಕಂಪ, ಸುನಾಮಿಗಳ ವರ್ಷವಾದ 2011ರಲ್ಲಿ ಬಾಂಧವ್ಯ ಎಂಬ ಅರ್ಥದ ‘ಕಿಜುನಾ’ ಬರೆದರು. ಜೀವಂತ ಗೆರೆ ಹೇಗಿರುತ್ತದೆ ಎಂಬುದಕ್ಕೆ ಅಂಥದ್ದನ್ನು ನೋಡಿ ಕಣ್ಣು ಪಳಗಬೇಕು, ಫಾಂಟ್ ಪಟ್ಟಿಯಿಂದಲ್ಲ.

13. ಮೇಲಿನಿಂದ ಕೆಳಗೆ ಜೋಡಿಸುವಾಗ ಮತ್ತೆ ಓದಿಸಿ

ಬೆನ್ನುಹುರಿಯುದ್ದಕ್ಕೂ ಇಳಿಯುವ ಬರಹ ಜಪಾನೀ ಭಾಷೆಗೆ ಸಹಜವೇ. ಆದರೆ ಅಡ್ಡಲಾಗಿ ಟೈಪಿಸಿದ್ದನ್ನು ಒಂದರ ಕೆಳಗೊಂದು ಪೇರಿಸಿದರೆ ಕಟಕಾನಾದ ದೀರ್ಘದ ಗೆರೆ ಮಲಗಿಯೇ ಇರುತ್ತದೆ. ಅದು ಎದ್ದು ನಿಲ್ಲಬೇಕು. ಮಲಗಿದ ಗೆರೆಯನ್ನು ‘ಒಂದು’ ಎಂಬ ಸಂಖ್ಯೆ ಎಂದು ಓದುತ್ತಾರೆ.

ಅಳತೆಯ ವಿಷಯದಲ್ಲಿ ಬರಹಗಾರರ ಮಾತಿಗಿಂತ ಹಚ್ಚೆಯವರ ಮಾತು ಮುಖ್ಯ. ಚರ್ಮದೊಳಗಿನ ಬಣ್ಣ ವರ್ಷಗಳುರುಳಿದಂತೆ ಹರಡುತ್ತದೆ. ‘ಹೃದಯ’ಕ್ಕೆ ನಾಲ್ಕೇ ಗೆರೆ, ‘ಪ್ರೀತಿ’ಗೆ 13, ಹಳೆಯ ರೂಪದ ‘ಡ್ರ್ಯಾಗನ್’ಗೆ 16. ಹದಿನಾರು ಗೆರೆಯನ್ನು ಬೆರಳಿನ ಗೆಣ್ಣಿನ ಮೇಲೆ ತುಂಬಿದರೆ ಕೆಲವೇ ವರ್ಷದಲ್ಲಿ ಕಪ್ಪು ಗುಡ್ಡೆ.

14. ಅಕ್ಷರದ ಹಿಂದಿನ ಚರಿತ್ರೆ ಕೇಳಿ

ಹಣೆಯ ಮೇಲೆ ‘ಐ’ ಹಾಕಿಸಿಕೊಂಡರೆ ಪ್ರೀತಿ ಯಾರಿಗೂ ಕಾಣುವುದಿಲ್ಲ, ‘ನರುಟೊ’ ಅನಿಮೆಯ ಗಾರಾ ಕಾಣುತ್ತಾನೆ. ಇತಿಹಾಸ ಬಲ್ಲ ಹಿರಿಯರಾದರೆ ಶಿರಸ್ತ್ರಾಣದ ಮೇಲೆ ಅದೇ ಅಕ್ಷರ ಹೊತ್ತ ಸಾಮುರಾಯ್ ನಾವೊಎ ಕಾನೆತ್ಸುಗುವನ್ನು ನೆನೆಯಬಹುದು. ‘ಕಾಮಿಕಾಜೆ’ ಮೊದಲು 1274 ಮತ್ತು 1281ರಲ್ಲಿ ಮಂಗೋಲರ ಹಡಗುಗಳನ್ನು ಚದುರಿಸಿದ ದೈವಿಕ ಗಾಳಿ. 1944ರ ನಂತರ ಆತ್ಮಾಹುತಿ ವಿಮಾನ. ಇಂದು ಮೊದಲು ನೆನಪಾಗುವುದು ಎರಡನೆಯದೇ. ಅಕ್ಷರದ ಹಿಂದೆ ಕಿರಣ ಚಿಮ್ಮುವ ಸೂರ್ಯನನ್ನು ಬಿಡಿಸಲು ಹೊರಟರೆ ಕೊರಿಯಾ, ಚೀನಾದವರಿಗೆ ಅದು ಆಕ್ರಮಣ ನಡೆಸಿದ ಸೇನೆಯ ಬಾವುಟ ಎಂಬುದು ತಿಳಿದಿರಲಿ.

ಹಚ್ಚೆಗೇ ಜಪಾನಿನಲ್ಲಿ ಒಂದು ಭಾರವಿದೆ. ಎದೊ ಕಾಲದಲ್ಲಿ ಅಪರಾಧಿಗಳ ತೋಳಿಗೆ ಪಟ್ಟಿ ಚುಚ್ಚುತ್ತಿದ್ದರು. ಅದೇ ಕಾಲದಲ್ಲಿ ಯೊಶಿವಾರಾದ ಗಣಿಕೆಯರು ಪ್ರಿಯಕರನ ಹೆಸರಿನ ಕೆಳಗೆ ‘ಇನೊಚಿ’, ಅಂದರೆ ‘ಜೀವ’ ಎಂಬ ಅಕ್ಷರ ಚುಚ್ಚಿಸಿಕೊಳ್ಳುತ್ತಿದ್ದರು. ಜಪಾನಿನ ಸ್ವಂತ ಅಕ್ಷರದ ಹಚ್ಚೆ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. 1872ರಲ್ಲಿ ಮೇಜಿ ಸರ್ಕಾರ ಹಚ್ಚೆಯನ್ನು ನಿಷೇಧಿಸಿತು, 1948ರಲ್ಲಿ ನಿಷೇಧ ತೆರವಾಯಿತು. ಹಚ್ಚೆ ಹಾಕಲು ವೈದ್ಯರ ಪರವಾನಗಿ ಬೇಕಿಲ್ಲ ಎಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2020ರಲ್ಲಿ. ಯಾಕುಜಾ ಎಂಬ ಪಾತಕಿ ಗುಂಪುಗಳ ನಂಟಿನಿಂದಾಗಿ ಬಿಸಿನೀರಿನ ಸ್ನಾನಗೃಹಗಳ ಬಾಗಿಲು ಈಗಲೂ ಅರೆಮುಚ್ಚಿದೆ. ಪ್ರವಾಸೋದ್ಯಮ ಇಲಾಖೆಯ 2015ರ ಸಮೀಕ್ಷೆಗೆ ಉತ್ತರಿಸಿದ ಸುಮಾರು 600 ಕಡೆಗಳಲ್ಲಿ ಶೇ 56ರಷ್ಟು ಹಚ್ಚೆಯವರಿಗೆ ಪ್ರವೇಶವಿಲ್ಲ ಎಂದಿದ್ದವು. ಜಪಾನಿಗೆ ಹೋಗುವ ಆಸೆಯಿದ್ದರೆ ಅಂಟುಪಟ್ಟಿಯಲ್ಲಿ ಮುಚ್ಚುವಷ್ಟು ಅಳತೆ, ಮುಚ್ಚುವಂಥ ಜಾಗ ನೋಡಿಕೊಳ್ಳಿ.

15. ತಪ್ಪು ಸಿಕ್ಕರೆ ತೇಪೆ ಹಾಕಬೇಡಿ

ಅರಿಯಾನಾ ಆಮೇಲೆ ‘ಬೆರಳು’ ಎಂಬ ಅಕ್ಷರವನ್ನು ಸೇರಿಸಿದರು. ಅದು ಎರಡು ಅಕ್ಷರಗಳ ನಡುವೆ ಬರಬೇಕಿತ್ತು. ಜಾಗವಿಲ್ಲದೆ ಕೆಳಗೆ ಹೋಗಿ ಕೂತಿತು, ಒಲೆ ಹಾಗೆಯೇ ಉಳಿಯಿತು. ಕಾಗದದ ಮೇಲಿರುವಾಗ ಒಂದು ಗೆರೆ ತಪ್ಪು ಎಂದು ಯಾರಾದರೂ ಹೇಳಿದರೂ ಪೂರ್ತಿ ಹೊಸದಾಗಿ ಬರೆಸಿ. ಕಾಂಜಿಯ ಭಾಗಗಳು ಒಂದಕ್ಕೊಂದು ಜಾಗ ಬಿಟ್ಟುಕೊಂಡು ನಿಂತಿರುತ್ತವೆ. ಒಂದನ್ನು ಸರಿಸಿದರೆ ಉಳಿದವೂ ಸರಿಯಬೇಕು. ಹೊಸದನ್ನು ಮೊದಲ ಸಲ ನೋಡುವ ಬೇರೊಬ್ಬರಿಗೆ ಕೊಡಿ. ಹಳೆಯವರಿಗೆ ಅರ್ಥ ಆಗಲೇ ಗೊತ್ತಾಗಿದೆ.

16. ಸ್ಟೆನ್ಸಿಲ್ ಅಂಟಿದ ಮೇಲೆ ಕೊನೆಯ ಓದು

ಸೂಜಿಗೆ ಮೊದಲು ಹಚ್ಚೆಯವರು ನೇರಳೆ ಬಣ್ಣದ ಸ್ಟೆನ್ಸಿಲ್ ಚರ್ಮಕ್ಕೆ ಅಂಟಿಸುತ್ತಾರೆ. ಹಾಳೆ ಮಗುಚಿದ್ದರೆ ಅಕ್ಷರವೂ ಮಗುಚಿರುತ್ತದೆ. ‘ಮನುಷ್ಯ’ ಎಂಬ ಅಕ್ಷರ ಹಾಗೆ ತಿರುಗಿದರೆ ‘ಒಳಗೆ ಬಾ’ ಎಂಬ ಫಲಕದ ಅಕ್ಷರಕ್ಕೆ ಹತ್ತಿರವಾಗುತ್ತದೆ. ಕನ್ನಡಿಯಲ್ಲಿ ನೋಡಿ ತೀರ್ಮಾನಿಸಬೇಡಿ, ಸೆಲ್ಫಿ ಕ್ಯಾಮೆರಾವನ್ನೂ ನಂಬಬೇಡಿ. ಎರಡೂ ಎಡಬಲ ಬದಲಿಸಿ ತೋರಿಸುತ್ತವೆ. ಇನ್ನೊಬ್ಬರ ಕೈಯಲ್ಲಿ ಹಿಂಬದಿ ಕ್ಯಾಮೆರಾದಿಂದ ಚಿತ್ರ ತೆಗೆಸಿ, ಒಪ್ಪಿಗೆಯಾದ ಮೂಲ ಹಾಳೆಯ ಪಕ್ಕ ಇಟ್ಟು ಗೆರೆ ಗೆರೆ ಎಣಿಸಿ. ಸಾಧ್ಯವಿದ್ದರೆ ಅದೇ ಚಿತ್ರವನ್ನು ನಿಮ್ಮ ಜಪಾನೀ ಓದುಗರಿಗೆ ಕಳಿಸಿ, ಉತ್ತರ ಬರುವವರೆಗೆ ಕಾಯಲು ಹಚ್ಚೆಯವರನ್ನು ಒಪ್ಪಿಸಿ. ಟೋಕಿಯೋ ನಮಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ ಸಂಜೆಯ ಬದಲು ಬೆಳಗಿನ ಹೊತ್ತನ್ನೇ ಗೊತ್ತುಮಾಡಿಕೊಳ್ಳಿ. ಒಂದು ಚುಕ್ಕೆ ಹೆಚ್ಚುಕಡಿಮೆ ಕಂಡರೂ ಅಳಿಸಿ ಮತ್ತೆ ಅಂಟಿಸಲು ಹೇಳಿ. ಸ್ಟೆನ್ಸಿಲ್ ಸ್ಪಿರಿಟ್‌ನಲ್ಲಿ ಒರೆಸಿದರೆ ಹೋಗುತ್ತದೆ.